ಹಳಿಯಿಂದ ಹಾರಬೇಕಿದ್ದ ವಿಮಾನ

ಸ್ಟಟ್‌ಗಾರ್ಟ್, ಜರ್ಮನಿ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ಅಮ್ಮ ಕಳಿಸಿದ ಚಟ್ನಿಪುಡಿ ಮುಗಿಯುತ್ತ ಬಂತು. ರೈಲ್ವೆಯಲ್ಲಿ ಆಯುಷ್ಯ ಸವೆಸಿದ ನಿಮಗೆ ಹೇಳಲೇಬೇಕಾದ ಸಂಗತಿಯೊಂದಿದೆ, ಅದಕ್ಕೇ ಈ ಪತ್ರ.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಓಯ್ಗನ್ ಝೆಂಗರ್ ಎಂಬ ಎಂಜಿನಿಯರ್ ಹಾಗೂ ಇರೇನೆ ಬ್ರೆಟ್ ಎಂಬ ವಿಜ್ಞಾನಿ ಸೇರಿ, ಜರ್ಮನಿಯಿಂದ ಹೊರಟು ನ್ಯೂಯಾರ್ಕ್ ಮೇಲೆ ಬಾಂಬ್ ಹಾಕಬಲ್ಲ ರಾಕೆಟ್ ವಿಮಾನದ ವಿನ್ಯಾಸ ಮಾಡಿದ್ದರು. ‘ಬೆಳ್ಳಿಹಕ್ಕಿ’ ಎಂದು ಹೆಸರು. ತೂಕ 100 ಟನ್. ವಿಮಾನದ ಪಾಲು ಅದರಲ್ಲಿ 10 ಟನ್ ಮಾತ್ರ, ಉಳಿದದ್ದು ಬಹುಪಾಲು ಇಂಧನ ಮತ್ತು ದ್ರವ ಆಮ್ಲಜನಕ. ಅದನ್ನು ನೆಲದಿಂದ ಎಬ್ಬಿಸಲು ಅವರು ಹೂಡಿದ ಉಪಾಯವೇ ಹಳಿ! 3 ಕಿಲೋಮೀಟರ್ ಉದ್ದದ ಒಂಟಿ ಹಳಿ, ಅದರ ಮೇಲೊಂದು ರಾಕೆಟ್ ಬಂಡಿ, 600 ಟನ್ ನೂಕುಬಲ. 11 ಸೆಕೆಂಡಿನಲ್ಲಿ ವೇಗ ಗಂಟೆಗೆ ಸುಮಾರು 1,800 ಕಿಲೋಮೀಟರ್. ಚಾಲಕನಿಗೆ ತನ್ನ ತೂಕದ ನಾಲ್ಕೂವರೆ ಪಟ್ಟು ಒತ್ತಡ ಎಂದು ನನ್ನ ಲೆಕ್ಕ. ನಿಮ್ಮ ಮೇಲ್ವಿಚಾರಣೆಯ ಹಳಿಯಲ್ಲಿ ಇದಕ್ಕೆ ಹಸಿರು ಬಾವುಟ ತೋರಿಸುತ್ತಿದ್ದಿರಾ?

ಬಳಿಕ ಸ್ವಂತ ಎಂಜಿನ್ ಅದನ್ನು 145 ಕಿಲೋಮೀಟರ್ ಎತ್ತರಕ್ಕೆ ಒಯ್ಯಬೇಕು. ಕೆಳಗಿಳಿದಾಗ ದಟ್ಟ ಗಾಳಿಗೆ ಹೊಟ್ಟೆ ತಾಗಿಸಿ, ಕೆರೆಯ ಮೇಲೆ ಎಸೆದ ಚಪ್ಪಟೆ ಕಲ್ಲಿನಂತೆ ಮತ್ತೆ ಮತ್ತೆ ಜಿಗಿಯುತ್ತ ಸಾಗಬೇಕು. ಇಷ್ಟೆಲ್ಲ ಮಾಡಿ ಒಯ್ಯುವುದು ನಾಲ್ಕು ಟನ್ನಿನಷ್ಟು ಬಾಂಬ್! ಹಿಂದಿರುಗುವಷ್ಟು ಕಸುವಿಲ್ಲದೆ ಪೆಸಿಫಿಕ್‌ನಲ್ಲಿ ಜಪಾನಿನ ಹಿಡಿತದ ನೆಲದಲ್ಲಿ ಇಳಿಯಬೇಕು. ಆಯುಧವಾಗಿ ಇದು ಶುದ್ಧ ದುಂದು ಎನಿಸುತ್ತದೆ, ಅದೂ ಎಂಥ ಸರ್ಕಾರಕ್ಕಾಗಿ! ಗಣಿತವನ್ನು ಮಾತ್ರ ಮೆಚ್ಚದಿರಲು ಆಗುವುದಿಲ್ಲ. ಆದರೆ ಮರಳಿ ಗಾಳಿಗೆ ಬಡಿದಾಗ ಹುಟ್ಟುವ ಶಾಖದ ಅಂದಾಜು ಕಡಿಮೆಯಾಗಿತ್ತೆಂದು ಮುಂದೆ ಗೊತ್ತಾಯಿತು. ಕಟ್ಟಿದ್ದರೂ ಮೊದಲ ಜಿಗಿತದಲ್ಲೇ ಕರಗುತ್ತಿತ್ತೇನೋ.

ವಿಮಾನ ಕಟ್ಟಲೇ ಇಲ್ಲ. 1944ರಲ್ಲಿ ಗುಪ್ತ ವರದಿಯಷ್ಟೇ ಹೊರಬಂತು. ಯುದ್ಧ ಮುಗಿದ ಮೇಲೆ ಅದು ಸ್ಟಾಲಿನ್ ಕೈಗೂ ಸೇರಿ, ಝೆಂಗರನ್ನು ಹಿಡಿದು ತರಲು ಜನರನ್ನೇ ಅಟ್ಟಿದ್ದನಂತೆ. ಝೆಂಗರ್ ಅಷ್ಟರಲ್ಲಿ ಫ್ರಾನ್ಸ್‌ನಲ್ಲಿ ಕೆಲಸಕ್ಕೆ ಸೇರಿದ್ದರು. 1951ರಲ್ಲಿ ಬ್ರೆಟ್ ಅವರನ್ನೇ ಮದುವೆಯಾದರು.

ಇಲ್ಲಿಂದ ಉತ್ತರಕ್ಕೆ ಲಾಂಪೋಲ್ಡ್ಸ್‌ಹೌಸನ್‌ನಲ್ಲಿ ರಾಕೆಟ್ ಎಂಜಿನ್ ಪರೀಕ್ಷಾ ಕೇಂದ್ರವಿದೆ. 1959ರಲ್ಲಿ ಅದನ್ನು ಶುರುಮಾಡಿದವರೂ ಝೆಂಗರ್ ಅವರೇ. ಯುರೋಪಿನ ಆರಿಯಾನ್ ರಾಕೆಟ್‌ಗಳ ಎಂಜಿನ್‌ಗಳನ್ನು ಉರಿಸಿ ನೋಡುವುದು ಅಲ್ಲೇ. ನೀವಿಬ್ಬರೂ ಬಂದಾಗ ಆ ಕಡೆ ಹೋಗೋಣ. ವೀಸಾ ಕಾಗದಗಳನ್ನು ಬೇಗ ಕಳಿಸಿ.

ಇಂತಿ ನಿಮ್ಮ ಮಗಳು