ಜಂಬಲಾಯಾ ಕೈಯಾಡಿಸ್ಬೇಡಿ

ಸಂಪಾದಕರೇ,

ಭಾನುವಾರದ ಪುರವಣೀಲಿ ಬಂದಿದ್ದ ಜಂಬಲಾಯಾ (ಅಮೆರಿಕದ ಲೂಸಿಯಾನಾ ರಾಜ್ಯದ ಮಾಂಸ-ತರಕಾರಿ ಅನ್ನ) ರೆಸಿಪಿ ನೋಡ್ದೆ, ಖುಷಿ ಆಯ್ತು, ಆದ್ರೆ ಅಕ್ಕಿ ಹಾಕಿದ್ಮೇಲೆ ಆಗಾಗ ಕೈಯಾಡಿಸ್ತಾ ಇರಿ ಅಂತ ಬರ್ದಿದೀರಲ್ಲ, ಅದೊಂದು ಮಾತ್ರ ತಪ್ಪು. ನಾನೂ ಮೊದಲ್ನೇ ಸಲ ಹಾಗೇ ಮಾಡಿ ಪೂರ್ತಿ ಮುದ್ದೆ ಮಾಡ್ಕೊಂಡಿದ್ದೆ. ಉದ್ದ ಕಾಳಿನ ಅಕ್ಕಿ ಹಾಕಿ, ಸ್ಟಾಕ್ (ಮಾಂಸ, ಮೂಳೆ ಬೇಯಿಸಿದ ನೀರು) ಕುದಿ ಬಂದ್ಮೇಲೆ ಉರಿ ಸಣ್ಣ ಮಾಡಿ, ಗಟ್ಟಿಯಾಗಿ ಮುಚ್ಚಿ 20-25 ನಿಮಿಷ ಬಿಟ್ಬಿಡ್ಬೇಕು, ಮುಚ್ಚಳ ತೆಗ್ದು ಇಣುಕೋದೂ ಬೇಡ.

ಇನ್ನೊಂದು, ಟೊಮೇಟೊ ಹಾಕಿ ಕೆಂಪಗೆ ಮಾಡೋದು ಅಲ್ಲಿನ ನ್ಯೂ ಆರ್ಲಿಯನ್ಸ್ ನಗರದ ಕಡೆಯ ಕ್ರಿಯೋಲ್ ಅನ್ನೋ ಅಡುಗೆ ಪದ್ಧತಿ. ಅದೇ ರಾಜ್ಯದ ಹಳ್ಳಿಗಾಡಿನ, ಫ್ರೆಂಚ್ ಮೂಲದ ಕೇಜನ್ ಜನ ಸಾಮಾನ್ಯವಾಗಿ ಟೊಮೇಟೊ ಹಾಕೋದಿಲ್ಲ, ಮಾಂಸಾನ ತಳ ಹಿಡಿಯೋಷ್ಟು ಹುರೀತಾರೆ, ಆ ಕಂದು ಬಣ್ಣ ಅಲ್ಲಿಂದ್ಲೇ ಬರೋದು. ನೀವು ಎರಡನ್ನೂ ಕಲಸಿಬಿಟ್ಟಿದೀರಿ. ಈರುಳ್ಳಿ, ಸೆಲರಿ, ಕ್ಯಾಪ್ಸಿಕಂ ಮೂರನ್ನ ಲೂಸಿಯಾನಾದಲ್ಲಿ ಹೋಲಿ ಟ್ರಿನಿಟಿ ಅಂತಾರೆ, ನೀವು ಸೆಲರೀನೇ ಬಿಟ್ಟಿದೀರಲ್ಲ ಸ್ವಾಮಿ! ಇದಕ್ಕೆ ಹಾಕೋ ಸಾಸೇಜ್ ಅಂದ್ರೆ ಆಂಡೂಯಿ ಅನ್ನೋ ಹೊಗೆ ಹಾಕಿದ ಹಂದಿಮಾಂಸದ ಸಾಸೇಜು, ಅದನ್ನ ಮೊದ್ಲು ಹುರ್ದು ಆ ಕೊಬ್ಬಲ್ಲೇ ತರಕಾರಿ ಬಾಡಿಸ್ಬೇಕು, ಅರ್ಧ ರುಚಿ ಅಲ್ಲೇ ಇರೋದು. ಅಲ್ಲಿನ ಗೊನ್ಸಾಲೆಸ್ ಊರಲ್ಲಂತೂ ಇದಕ್ಕೇ ಹಬ್ಬ ಮಾಡ್ತಾರೆ, ದೊಡ್ಡ ದೊಡ್ಡ ಕಬ್ಬಿಣದ ಕಡಾಯೀಲಿ, ಸೌದೆ ಒಲೆ ಮೇಲೆ.

ಮುಂದಿನ ವಾರ ಒಂದು ತಿದ್ದುಪಡಿ ಹಾಕ್ಬಿಡಿ.

— ನಿಮ್ಮ ಓದುಗ