ಎರಡನೇ ಶನಿವಾರದ ತೆರವು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಪತ್ರ ಕೈಸೇರಿ ಹದಿನೈದು ದಿನಗಳಾದವು. ಎರಡು ಬಾರಿ ಉತ್ತರ ಬರೆದು ಹರಿದು ಹಾಕಿದೆ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡಿದ್ದ ಹನ್ನೊಂದು ಮನೆಗಳನ್ನು ಎರಡನೇ ಶನಿವಾರ ಬೆಳಿಗ್ಗೆಯೇ ನಿಮ್ಮ ತಂಡ ತೆರವುಗೊಳಿಸಿದ್ದನ್ನೂ, ಸೋಮವಾರ ಕೋರ್ಟಿನ ಬಾಗಿಲು ತೆರೆಯುವ ಹೊತ್ತಿಗೆ ತಡೆಯಾಜ್ಞೆ ತರಲು ಅಲ್ಲಿ ಗೋಡೆಯೇ ಉಳಿದಿರಲಿಲ್ಲವೆಂಬುದನ್ನೂ ನೀನು ಸಮಾಧಾನದಿಂದ ಬರೆದಿದ್ದೀಯ. ಒಳ್ಳೆಯದನ್ನು ಮಾಡಹೊರಟ ಸರ್ಕಾರದ ಕೈ ಕಟ್ಟಬಾರದು, ಹತ್ತು ಕಡೆ ಹಂಚಿಹೋದ ಅಧಿಕಾರದಿಂದ ಯಾವ ಕೆಲಸವೂ ಆಗದು, ದೇಶಕ್ಕೆ ಬೇಕಿರುವುದು ಗಟ್ಟಿಯಾದ ಒಂದೇ ಕೈ ಎಂದೂ ಬರೆದಿದ್ದೀಯ. ನನ್ನ ಉತ್ತರವನ್ನು ನಿನ್ನ ಒಪ್ಪಿಗೆ ಪಡೆದೇ ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ಊರಿನ ಹೆಸರನ್ನೂ ನಿನ್ನ ಹೆಸರನ್ನೂ ಬಿಟ್ಟಿದ್ದೇನೆ.

ಸರ್ಕಾರ ಕೈಕಟ್ಟಿ ಕೂರಬೇಕೆಂದು ಹೇಳುವವನು ನಾನಲ್ಲ. ನಾನು ಇಂದು ಉಣ್ಣುವ ಅನ್ನವೇ ಸರ್ಕಾರದ ಕಾನೂನೊಂದರಿಂದ ಬಂದದ್ದು. ನನ್ನ ಅಜ್ಜ ಚಾಲಗೇಣಿಯ ಒಕ್ಕಲು, ಅಂದರೆ ಧಣಿಗಳು ಬೇಕೆಂದಾಗ ಬಿಡಿಸಬಹುದಾದ ಗೇಣಿದಾರ. ಗೇಣಿಯ ಅಕ್ಕಿಯನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟಿ, ತಲೆಯ ಮೇಲೆ ಹೊತ್ತು ಧಣಿಗಳ ಅಂಗಳಕ್ಕೆ ಮುಟ್ಟಿಸಿ, ಅಳತೆ ಸರಿಯಿದೆಯೆಂದು ಅವರು ಹೇಳುವವರೆಗೆ ಬಿಸಿಲಲ್ಲೇ ನಿಲ್ಲುತ್ತಿದ್ದನೆಂದು ಅಪ್ಪ ಹೇಳುತ್ತಿದ್ದರು. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಾಗ ಅಜ್ಜ ತಾನು ಉಳುವ ಭೂಮಿ ತನ್ನ ಹೆಸರಿಗಾಗಬೇಕೆಂದು ಹೆದರುತ್ತಲೇ ಡಿಕ್ಲರೇಶನ್ ಕೊಟ್ಟ. ಭೂನ್ಯಾಯಮಂಡಳಿಯವರು ಅಜ್ಜನನ್ನೂ ಕರೆದರು, ಧಣಿಗಳನ್ನೂ ಕರೆದರು. ಧಣಿಗಳು ಗೇಣಿಚೀಟು ಹಿಡಿದು ತಮ್ಮ ವಾದ ಹೇಳಿದರು. ಅಜ್ಜ ನೆರೆಯ ಒಕ್ಕಲುಗಳಿಂದ ಸಾಕ್ಷಿ ಹೇಳಿಸಿದ. ಇಬ್ಬರ ಮಾತನ್ನೂ ಕೇಳಿ, ಬರಹದಲ್ಲಿ ಕಾರಣ ಕೊಟ್ಟು, ಆಮೇಲೆ ಭೂಮಿಯನ್ನು ಅಜ್ಜನ ಹೆಸರಿಗೆ ಮಾಡಿದರು. ಅದರಿಂದಲೇ ಆ ಪಹಣಿಯನ್ನು ಇಂದಿನವರೆಗೂ ಯಾರೂ ಅಲ್ಲಾಡಿಸಿಲ್ಲ, ಧಣಿಗಳ ಮೊಮ್ಮಕ್ಕಳು ನಮ್ಮ ಮನೆಯ ಮದುವೆಗೆ ಬಂದು ಊಟ ಮಾಡಿ ಹೋಗುತ್ತಾರೆ. ಆ ಕಾಲದ ಅಧಿಕಾರಿಗಳ ಕೈ ಗಟ್ಟಿಯಾಗಿತ್ತು, ಆದರೆ ಆ ಕೈಗೆ ನೋಟಿಸು, ವಿಚಾರಣೆ, ಕಾರಣವೆಂಬ ಕಟ್ಟು ಇತ್ತು.

ಅಧಿಕಾರಕ್ಕೆ ಬಿದ್ದ ಅಂಥದೇ ಇನ್ನೊಂದು ದೊಡ್ಡ ಕಟ್ಟನ್ನು ಹುಡುಕಿದರೆ ನಮ್ಮ ನೆರೆಯ ಕಾಸರಗೋಡಿನ ಎಡನೀರು ಮಠದ ಅಂಗಳಕ್ಕೇ ಹೋಗಿ ನಿಲ್ಲುತ್ತೇವೆ. ಯಕ್ಷಗಾನ ಪದಗಳನ್ನು ಹಾಡುತ್ತಿದ್ದ, ಸಂಗೀತ ಬಲ್ಲ ಕೇಶವಾನಂದ ಭಾರತೀ ಸ್ವಾಮೀಜಿಯವರು 1970ರಲ್ಲಿ ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ನನ್ನ ಅಜ್ಜನಂಥವರನ್ನು ಮೇಲೆತ್ತಿದ ಕಾನೂನಿನ ಒಡಹುಟ್ಟನ್ನೇ ಅವರು ಪ್ರಶ್ನಿಸಿದ್ದರು. ಆ ಕಾರಣಕ್ಕೆ ನನ್ನ ಮನಸ್ಸು ಇಂದಿಗೂ ಅವರ ಕಕ್ಷಿಗೆ ಪೂರ್ತಿಯಾಗಿ ಒಲಿಯದು. ಹದಿಮೂರು ನ್ಯಾಯಾಧೀಶರು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು, ಏಳು ಮಂದಿ ಒಂದು ಕಡೆ ಆರು ಮಂದಿ ಇನ್ನೊಂದು ಕಡೆಯಾಗಿ, ಸಂಸತ್ತು ಸಂವಿಧಾನದ ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಅಳಿಸುವಂತಿಲ್ಲ ಎಂಬ ತೀರ್ಪು ಬಂತು. ಮಠದ ಭೂಮಿ ಉಳಿಯಲಿಲ್ಲ. ಆದರೆ ಎಷ್ಟೇ ಬಹುಮತವಿರುವ ಸರ್ಕಾರವೂ ದಾಟಬಾರದ ಒಂದು ಗಡಿ ಇದೆಯೆಂಬುದು ಮಠದ ಆ ಸೋತ ವ್ಯಾಜ್ಯದಿಂದಲೇ ನಿಂತಿತು. ಉಳುವವನಿಗೆ ಭೂಮಿಯೂ ದಕ್ಕಿತು, ಅಧಿಕಾರಕ್ಕೆ ಬೇಲಿಯೂ ಬಿತ್ತು. ಇವೆರಡೂ ಒಟ್ಟಿಗೆ ಆಗಲಾರವೆಂಬ ನಿನ್ನ ವಾದ ನನಗೆ ಒಪ್ಪಿಗೆಯಾಗದಿರುವುದು ಈ ಕಾರಣಕ್ಕೆ.

ಬೇಲಿ ಬಿದ್ದದ್ದು ಅಂದಿನ ಕೇಂದ್ರ ಸರ್ಕಾರಕ್ಕೆ ಎಷ್ಟು ಚುಚ್ಚಿತೆಂಬುದು ಮರುದಿನವೇ ತಿಳಿಯಿತು. ಸರ್ಕಾರದ ವಿರುದ್ಧ ಅಭಿಪ್ರಾಯ ಬರೆದ ಮೂವರು ಹಿರಿಯ ನ್ಯಾಯಾಧೀಶರನ್ನು ದಾಟಿಸಿ ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಲಾಯಿತು. ಮೂವರಲ್ಲಿ ಒಬ್ಬರು ನಮ್ಮ ಕಾರ್ಕಳದ ಕಡೆಯ ಕೆ.ಎಸ್. ಹೆಗ್ಡೆ. ಅವರು ರಾಜೀನಾಮೆ ಕೊಟ್ಟು ಹೊರಬಂದರು.

ಬೆಂಗಳೂರಿನ ಫ್ರೀಡಂ ಪಾರ್ಕಿಗೆ ನಾವಿಬ್ಬರೂ ಹೋಗಿದ್ದ ಮಧ್ಯಾಹ್ನ ನಿನಗೆ ನೆನಪಿರಬೇಕು. ಹಳೆಯ ಸೆಂಟ್ರಲ್ ಜೈಲಿನ ಬರಾಕುಗಳ ನಡುವೆ ನಿಂತಿರುವ ಕಾವಲು ಗೋಪುರವನ್ನು ತೋರಿಸಿ, ಒಬ್ಬನೇ ಕಾವಲುಗಾರ ಇಡೀ ಜೈಲನ್ನು ನೋಡಿಕೊಳ್ಳಬಹುದಾದ ಕಟ್ಟಡವೆಂದು ನೀನು ಮೆಚ್ಚಿಕೊಂಡಿದ್ದೆ. ಅಂದು ನನಗೆ ಹೇಳಬೇಕೆನಿಸಿದ್ದನ್ನು ಈಗ ಬರೆಯುತ್ತೇನೆ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಮರುದಿನ ಹಿಡಿದು ಇದೇ ಜೈಲಿಗೆ ತಂದರು. ಅವರು ಹೆಸರುಳ್ಳವರು, ಅವರ ಮಾತು ಇರಲಿ. 1976ರ ಮೇ ತಿಂಗಳಲ್ಲಿ ಬಂಧಿತರಾದ ನಟಿ ಸ್ನೇಹಲತಾ ರೆಡ್ಡಿಯವರಿಗೆ ತೀವ್ರವಾದ ಅಸ್ತಮಾ ಇತ್ತು. ಸರ್ಕಾರದ ವಿರುದ್ಧ ಸ್ಫೋಟದ ಸಂಚು ನಡೆಯಿತೆಂಬ ಯಾವ ಬರೋಡಾ ಡೈನಮೈಟ್ ಪ್ರಕರಣದ ನೆಪದಲ್ಲಿ ಅವರನ್ನು ಹಿಡಿದರೋ ಅದರ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಬರಲಿಲ್ಲ. ಎಂಟು ತಿಂಗಳು ಆ ಗೋಡೆಗಳ ನಡುವೆ ಉಸಿರಿಗಾಗಿ ಒದ್ದಾಡಿ, 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, ಜನವರಿ 20ರಂದು ತೀರಿಕೊಂಡರು. ಯಾವ ಅಪರಾಧಕ್ಕಾಗಿ ಒಳಗಿಟ್ಟಿದ್ದೀರೆಂದು ಕೇಳಲು ಅವರಿಗೆ ಬಾಗಿಲೇ ಇರಲಿಲ್ಲ.

ಬಾಗಿಲು ಮುಚ್ಚಿದ್ದು ಹೇಗೆಂಬುದನ್ನು ನೀನು ಗಮನಿಸಬೇಕು. ಬಂಧನದಲ್ಲಿದ್ದವರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು, ಅಂದರೆ ಬಂಧನ ಕಾನೂನಿನಂತೆ ಇದೆಯೇ ಎಂದು ಪ್ರಶ್ನಿಸುವ ಅರ್ಜಿಗಳನ್ನು, ತಾವು ಕೇಳಬಹುದೆಂದು ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟುಗಳು ಹೇಳಿದ್ದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಪೊಲೀಸ್ ಅಧಿಕಾರಿಯೊಬ್ಬ ಸ್ವಂತ ದ್ವೇಷದಿಂದ ಯಾರನ್ನಾದರೂ ಕೊಂದರೆ ಪರಿಹಾರವೇನೆಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದಾಗ, ತುರ್ತುಪರಿಸ್ಥಿತಿ ಇರುವವರೆಗೆ ಏನೂ ಇಲ್ಲವೆಂದು ಅಟಾರ್ನಿ ಜನರಲ್ ಒಪ್ಪಿಕೊಂಡರು. ಹಾಗಿದ್ದೂ 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ಪರವಾಗಿ ತೀರ್ಪು ಕೊಟ್ಟರು. ಒಬ್ಬಂಟಿಯಾಗಿ ವಿರೋಧಿಸಿದ ಖನ್ನಾ ಅವರಿಗೆ ಮುಖ್ಯ ನ್ಯಾಯಮೂರ್ತಿಯ ಹುದ್ದೆ ತಪ್ಪಿತು. ಆಮೇಲೆ 1978ರ 44ನೇ ತಿದ್ದುಪಡಿ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡದಂತೆ ಮಾಡಿತು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟು ತನ್ನ ಹಳೆಯ ತೀರ್ಪು ತಪ್ಪೆಂದು ತಾನೇ ಹೇಳಿತು. ಸ್ನೇಹಲತಾ ಅವರು ಹೋಗಿ ಆಗ ನಲವತ್ತು ವರ್ಷ.

ತಡವಾಗಿ ಬಂದ ನ್ಯಾಯದ ಮಾತು ಬಂದದ್ದರಿಂದ ಎಸ್.ಆರ್. ಬೊಮ್ಮಾಯಿಯವರನ್ನೂ ನೆನೆಯಬೇಕು. ಬಹುಮತವನ್ನು ಸದನದಲ್ಲಿಯೇ ತೋರಿಸುತ್ತೇನೆಂದು ಅವರು ಹೇಳುತ್ತಿದ್ದರೂ 1989ರ ಏಪ್ರಿಲ್ 21ರಂದು ಅವರ ಸರ್ಕಾರವನ್ನು ದೆಹಲಿಯಿಂದ ವಜಾ ಮಾಡಿದರು. ಅದು ಸಂವಿಧಾನಬಾಹಿರವೆಂದು ಒಂಬತ್ತು ನ್ಯಾಯಾಧೀಶರ ಪೀಠ ಹೇಳಿದ್ದು 1994ರ ಮಾರ್ಚಿನಲ್ಲಿ. ಹೋದ ಸರ್ಕಾರ ತಿರುಗಿ ಬರಲಿಲ್ಲ. ಕೆಲವೇ ದಿನ ಕಾದಿದ್ದರೆ ಸದನದಲ್ಲಿ ತಲೆಯೆಣಿಸಿ ಮುಗಿಯುತ್ತಿದ್ದ ಸಂಗತಿ ಅದು. ಗೆಳೆಯಾ, ಆ ಆತುರಕ್ಕೂ ನಿಮ್ಮ ಶನಿವಾರಕ್ಕೂ ನನಗೆ ದೊಡ್ಡ ಅಂತರ ಕಾಣುತ್ತಿಲ್ಲ. ಪ್ರಶ್ನೆ ಕೇಳುವ ಸ್ಥಳ ತೆರೆಯುವ ಮೊದಲೇ ಕೆಲಸ ಮುಗಿಸಿಬಿಡುವುದು ಎರಡರ ಉಪಾಯವೂ ಹೌದು.

ಕಟ್ಟಡ ಕೆಡವುವ ಮುನ್ನ ಹದಿನೈದು ದಿನಗಳ ನೋಟಿಸ್ ಕೊಡಬೇಕೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿದ್ದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ರಸ್ತೆ, ಕಾಲುದಾರಿ, ಜಲಮೂಲದಂಥ ಸಾರ್ವಜನಿಕ ಸ್ಥಳಗಳಿಗೆ ಆ ನಿಯಮ ಇಲ್ಲವೆಂದು ನೀನು ಹೇಳಬಹುದು. ಅದೂ ನಿಜ, ಆ ವಿನಾಯಿತಿ ಇರಬೇಕಾದದ್ದೂ ಸರಿಯೇ. ಆದರೆ ಆ ಹನ್ನೊಂದು ಮನೆಗಳ ಜಾಗ ವಿನಾಯಿತಿಯೊಳಗೆ ಬರುತ್ತದೆಯೇ ಎಂಬುದನ್ನು ಜೆಸಿಬಿ ತರಿಸಿದ ಕಚೇರಿಯೇ ಒಂದು ಶುಕ್ರವಾರ ಸಂಜೆ ಕುಳಿತು ತೀರ್ಮಾನಿಸಿದರೆ, ಕಕ್ಷಿದಾರನೂ ನ್ಯಾಯಾಧೀಶನೂ ಒಬ್ಬನೇ ಆದಂತಾಯಿತಲ್ಲ. ನೀನು ಪ್ರಾಮಾಣಿಕನೆಂದು ನಾನು ಯಾರ ಮುಂದೆಯಾದರೂ ಆಣೆಯಿಟ್ಟು ಹೇಳಬಲ್ಲೆ. ನಾಳೆ ನಿನ್ನ ಕುರ್ಚಿಗೆ ಬರುವವನ ಬಗ್ಗೆ ಹಾಗೆ ಹೇಳಲಾರೆ. ನೀನು ಹಾಕಿಕೊಟ್ಟ ಶನಿವಾರದ ದಾರಿ ಮಾತ್ರ ಅವನಿಗೂ ತೆರೆದಿರುತ್ತದೆ.

ಒಬ್ಬ ಹೆಂಗಸು ಒಲೆಯ ಮೇಲಿದ್ದ ಅನ್ನದ ತಪ್ಪಲೆಯನ್ನು ಇಳಿಸಿಕೊಂಡು ಹೊರಬರುವವರೆಗೆ ಜೆಸಿಬಿಯನ್ನು ನಿಲ್ಲಿಸಿದ್ದೆನೆಂದು ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ. ಈ ಹದಿನೈದು ದಿನ ನನ್ನನ್ನು ಕಾಡಿದ್ದು ಆ ಸಾಲು. ಅದು ನಿನ್ನ ಒಳ್ಳೆಯತನ, ಸಂಶಯವಿಲ್ಲ. ಆದರೆ ಆಕೆಗೆ ಅಂದು ಸಿಕ್ಕಿದ್ದು ಅಷ್ಟೇ, ಅದೂ ನಿನ್ನ ಮನಸ್ಸು ಕರಗಿದ್ದರಿಂದ ಸಿಕ್ಕಿದ್ದು. ನನ್ನ ಅಜ್ಜ ಯಾರ ಮನಸ್ಸು ಕರಗುವುದನ್ನೂ ಕಾಯಬೇಕಾಗಿರಲಿಲ್ಲ. ಅವನ ಕೈಯಲ್ಲಿ ವಿಚಾರಣೆಯ ದಿನಾಂಕ ಬರೆದ ಒಂದು ಕಾಗದವಿತ್ತು.

ಒಂದು ಕೆಲಸ ಮಾಡು. ಆ ಹನ್ನೊಂದು ಮನೆಗಳವರಲ್ಲಿ ಯಾರದ್ದಾದರೂ 94ಸಿ ಅರ್ಜಿ, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡಿಕೊಡಿ ಎಂದು ಕೇಳುವ ಅರ್ಜಿ, ನಿಮ್ಮ ಕಚೇರಿಯಲ್ಲಿ ತೀರ್ಮಾನವಾಗದೆ ಬಿದ್ದಿತ್ತೇ ಎಂದು ಕಡತ ತೆಗೆಸಿ ನೋಡು. ತಪ್ಪಲೆ ಇಳಿಸಿಕೊಂಡು ಬಂದ ಆ ಹೆಂಗಸಿನ ಹೆಸರಿನಿಂದಲೇ ಶುರುಮಾಡು. ಸಿಕ್ಕಿದ್ದನ್ನು ನನಗೆ ಬರೆ.

ಇಂತಿ,
ನಿನ್ನ ಗೆಳೆಯ