ಬಣ್ಣದ ಕೆಳಗಿನ ಗುಂಡಿಗಳನ್ನೂ ನೋಡಿ

ಮಾನ್ಯ ಸಂಪಾದಕರೇ,

ತುಕ್ಕು ಹಿಡಿದರೆ ಲೋಹ ಸ್ವಲ್ಪ ತೆಳ್ಳಗಾಗುತ್ತದೆ, ಉಜ್ಜಿ ಬಣ್ಣ ಬಳಿದರೆ ಸರಿಹೋಗುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಜಾಸ್ತಿ ಅಪಾಯ ಇರುವುದು ತುಕ್ಕು ಕೊರೆಯುವ ಸಣ್ಣ ಸಣ್ಣ ಗುಂಡಿಗಳಲ್ಲಿ. ಬಟ್ಟೆಯ ಅಂಚಿಗೆ ಚಿಕ್ಕದಾಗಿ ಕತ್ತರಿ ಹಾಕಿ ಎಳೆದರೆ ಅಲ್ಲಿಂದಲೇ ಹರಿಯುತ್ತದೆ, ಅಲ್ವಾ? ಲೋಹದಲ್ಲೂ ಅಷ್ಟೇ. ಎಳೆತದ ಒತ್ತಡ ಗುಂಡಿಯ ತಳದಲ್ಲಿ ಹಲವು ಪಟ್ಟು ಏರುತ್ತದೆ.

ನುಣುಪಾದ ಲೋಹದಲ್ಲಿ ಬಿರುಕು ಹುಟ್ಟಲು ತುಂಬಾ ಕಾಲ ಬೇಕು. ಗುಂಡಿ ಇದ್ದರೆ ಆ ಕಾಲವೇ ಮೊಟಕಾಗುತ್ತದೆ. ಗಾಳಿಯಲ್ಲಿ ಸಾಮಾನ್ಯ ಉಕ್ಕಿಗೆ ಒಂದು ಮಿತಿ ಇದೆ. ಅದಕ್ಕಿಂತ ಕಡಿಮೆ ಭಾರ ಲಕ್ಷಾಂತರ ಸಲ ಬಂದುಹೋದರೂ ಅದು ತಡೆದುಕೊಳ್ಳುತ್ತದೆ. ಉಪ್ಪುನೀರು ತಾಗುತ್ತಿದ್ದರೆ ಆ ಮಿತಿ ಇದೆ ಎಂದು ನಂಬುವ ಹಾಗಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಕೂಡ ಸುಮ್ನೆ ಪಾರಾಗುವುದಿಲ್ಲ. ಅದನ್ನು ಕಾಯುವ ತೆಳು ಪೊರೆಯನ್ನು ಉಪ್ಪಿನಲ್ಲಿರುವ ಕ್ಲೋರೈಡ್ ಅಲ್ಲಲ್ಲಿ ಒಡೆಯುತ್ತದೆ.

1967ರ ಡಿಸೆಂಬರ್ 15ರಂದು ಅಮೆರಿಕದ ಓಹಿಯೋ ನದಿಯ ಮೇಲಿನ ಸಿಲ್ವರ್ ಬ್ರಿಡ್ಜ್ ಕುಸಿದು 46 ಜನ ಸತ್ತರು. ಕಾರಣ, ಸೇತುವೆಯನ್ನು ಹಿಡಿದಿದ್ದ ಒಂದು ಉಕ್ಕಿನ ಪಟ್ಟಿಯ ಕಣ್ಣಿನಲ್ಲಿ, ಅಂದರೆ ಕೀಲು ಕೂರುವ ತೂತಿನಲ್ಲಿ, ತುಕ್ಕು ಮತ್ತು ಎಳೆತ ಸೇರಿ ಬೆಳೆಸಿದ ಬಿರುಕು. ಅದರ ಆಳ ಬರೀ 2.5 ಮಿಲಿಮೀಟರ್ ಆಸುಪಾಸು. ಕೀಲಿನ ಒಳಗಿದ್ದ ಅದನ್ನು ಬಿಚ್ಚದೆ ನೋಡಲು ಆಗ ದಾರಿಯೇ ಇರಲಿಲ್ಲ.

ಈಗ ಅಲ್ಟ್ರಾಸೌಂಡ್‌ನಂಥ ಪರೀಕ್ಷೆಗಳಿವೆ. ಆದರೂ ಎಷ್ಟೋ ಕಡೆ ತಪಾಸಣೆ ಎಂದರೆ ದೂರದಿಂದ ಕಣ್ಣಾಡಿಸುವುದೇ ಆಗಿದೆ. ಹಳೆಯ ಸೇತುವೆ, ಕ್ರೇನ್, ಪೈಪುಗಳಿಗೆ ಬಣ್ಣ ಬಳಿಯುವ ಮೊದಲು ಗುಂಡಿಗಳ ಆಳ ಅಳೆದು ದಾಖಲಿಸುವುದನ್ನು ಕಡ್ಡಾಯ ಮಾಡಬೇಕು.

ಇತಿ,
ಒಬ್ಬ ಓದುಗ